ತೀರ್ಪು ತಿದ್ದಿಕೊಳ್ಳುವ ಅಭಿಮಾನ

1984ರ ಮಾರ್ಚ್ ತಿಂಗಳಲ್ಲಿ ಬ್ರಿಟನ್ನಿನ ಬಿಬಿಸಿ ತನ್ನ 'ಡಾಕ್ಟರ್ ಹೂ' ಧಾರಾವಾಹಿಯ ಎರಡು ಕಥೆಗಳನ್ನು ಒಂದರ ಬೆನ್ನಿಗೆ ಒಂದರಂತೆ ಪ್ರಸಾರ ಮಾಡಿತು. ಮೊದಲನೆಯದು 'ದಿ ಕೇವ್ಸ್ ಆಫ್ ಆಂಡ್ರೊಜಾನಿ', ಎರಡನೆಯದು 'ದಿ ಟ್ವಿನ್ ಡಿಲೆಮ್ಮಾ'. 25 ವರ್ಷ ಕಳೆದ ಮೇಲೆ, 2009ರಲ್ಲಿ, 'ಡಾಕ್ಟರ್ ಹೂ ಮ್ಯಾಗಜಿನ್' ಅಲ್ಲಿಯವರೆಗಿನ 200 ಕಥೆಗಳಿಗೂ ಅಂಕ ಕೊಡುವಂತೆ ತನ್ನ ಓದುಗರನ್ನು ಕೇಳಿತು. ಸಾವಿರಾರು ಅಭಿಮಾನಿಗಳು ಕೊಟ್ಟ ಅಂಕಗಳನ್ನು ಕೂಡಿಸಿದಾಗ ಮೊದಲ ಸ್ಥಾನಕ್ಕೆ ಬಂದದ್ದು ಆಂಡ್ರೊಜಾನಿಯ ಕಥೆ. ಕಟ್ಟಕಡೆಯ ಸ್ಥಾನಕ್ಕೆ ಬಿದ್ದದ್ದು ಅದರ ಮರುವಾರವೇ ಶುರುವಾದ 'ಟ್ವಿನ್ ಡಿಲೆಮ್ಮಾ'. ಎರಡಕ್ಕೂ ನಿರ್ಮಾಪಕರು ಒಬ್ಬರೇ, ಜಾನ್ ನೇಥನ್-ಟರ್ನರ್. ಕಥೆಗಳನ್ನು ತಿದ್ದಿ ಒಪ್ಪ ಮಾಡುವ ಸ್ಕ್ರಿಪ್ಟ್ ಎಡಿಟರ್ ಕೂಡ ಒಬ್ಬರೇ, ಎರಿಕ್ ಸಾವರ್ಡ್. ಅಷ್ಟಿದ್ದೂ ಸರಣಿಯ ತುದಿಗೂ ತಳಕ್ಕೂ ನಡುವೆ ಒಂದು ವಾರದ ಅಂತರವೂ ಇರಲಿಲ್ಲ. ದೀರ್ಘಕಾಲ ನಡೆಯುವ ಧಾರಾವಾಹಿಗಳ ವಿಷಯದಲ್ಲಿ ನಾವೆಲ್ಲ ಸುಲಭವಾಗಿ ನಂಬುವ ಮಾತೊಂದಿದೆ: ಮೊದಮೊದಲು ಚೆನ್ನಾಗಿತ್ತು, ಬರಬರುತ್ತ ಕೆಟ್ಟುಹೋಯಿತು. ಈ ಒಂದು ಸಂಗತಿಯನ್ನು ಮುಂದಿಟ್ಟರೆ ಸಾಕು, ಆ ಮಾತು ನಿಲ್ಲುವುದಿಲ್ಲ.

ಈ ಧಾರಾವಾಹಿಯನ್ನು ನೋಡಿರದವರಿಗೆ ಅದರ ಕಟ್ಟು ತಿಳಿದಿರಬೇಕು. ಡಾಕ್ಟರ್ ಎಂದಷ್ಟೇ ಕರೆಸಿಕೊಳ್ಳುವ ನಾಯಕ ಬೇರೊಂದು ಗ್ರಹದವನು, 'ಟೈಮ್ ಲಾರ್ಡ್' ಎಂಬ ಪುರಾತನ ಕುಲಕ್ಕೆ ಸೇರಿದವನು, ಎರಡು ಹೃದಯಗಳುಳ್ಳವನು. ಅವನ ವಾಹನದ ಹೆಸರು ಟಾರ್ಡಿಸ್. ಹೊರಗಿನಿಂದ ಅದು ಹಳೆಯ ಕಾಲದ ಲಂಡನ್ ಬೀದಿಯ ನೀಲಿ ಪೊಲೀಸ್ ಪೆಟ್ಟಿಗೆ. ಒಳಗೆ ಕಾಲಿಟ್ಟರೆ ಅಳತೆಗೆ ಸಿಗದಷ್ಟು ವಿಶಾಲ. ಅದು ಯಾವ ಕಾಲಕ್ಕೂ ಯಾವ ಲೋಕಕ್ಕೂ ಹೋಗಬಲ್ಲದು. ಸಾಮಾನ್ಯವಾಗಿ ಭೂಮಿಯ ಒಬ್ಬಿಬ್ಬರು ಸಂಗಾತಿಗಳು ಅವನೊಡನೆ ಇರುತ್ತಾರೆ. ಮೊದಲ ಕಂತು ಪ್ರಸಾರವಾದದ್ದು 1963ರ ನವೆಂಬರ್ 23ರಂದು, ಅಮೆರಿಕದ ಅಧ್ಯಕ್ಷ ಕೆನಡಿ ಹತ್ಯೆಯಾದ ಮರುದಿನ. ಆ ಸುದ್ದಿಯ ಗದ್ದಲದಲ್ಲಿ ಅದನ್ನು ನೋಡಲಾಗದವರಿಗಾಗಿ ಮುಂದಿನ ವಾರ ಎರಡನೆಯ ಕಂತಿಗೆ ಮೊದಲು ಅದನ್ನೇ ಮತ್ತೆ ತೋರಿಸಬೇಕಾಯಿತು. 1989ರವರೆಗೆ 26 ಋತುಗಳು ನಡೆದು ಧಾರಾವಾಹಿ ನಿಂತಿತು. 1996ರಲ್ಲಿ ಒಂದು ಟಿವಿ ಚಿತ್ರ ಬಂತು. 2005ರಲ್ಲಿ ಮತ್ತೆ ಶುರುವಾಯಿತು. ಇಷ್ಟು ವರ್ಷ ಇದನ್ನು ನೋಡುತ್ತ ಬಂದವರು ಇಷ್ಟೇ ವರ್ಷ ಜಗಳವಾಡುತ್ತಲೂ ಬಂದಿದ್ದಾರೆ. ಯಾರ ಕಾಲ ಶ್ರೇಷ್ಠ, ಯಾವ ಬರಹಗಾರ ಹಾಳುಮಾಡಿದ, ಯಾವಾಗ ಚೇತರಿಸಿಕೊಂಡಿತು ಎಂಬ ಈ ಚರ್ಚೆಯನ್ನು ಹೊರಗಿನವರು ಹುಚ್ಚು ಅಭಿಮಾನವೆಂದು ತಳ್ಳಿಹಾಕುತ್ತಾರೆ. ನನ್ನ ವಾದ ಬೇರೆ. ಈ ಚರ್ಚೆ ಜನಸಾಮಾನ್ಯರೇ ಕಟ್ಟಿದ ಒಂದು ಗಂಭೀರ ವಿಮರ್ಶಾ ಪರಂಪರೆ. ತಾನು ಕೊಟ್ಟ ತೀರ್ಪನ್ನು ತಾನೇ ತಿದ್ದಿಕೊಳ್ಳುವುದು ಅದರ ದೊಡ್ಡ ಬಲ.

ಏರಿಳಿತ ಈ ಸರಣಿಯ ಹುಟ್ಟಿನಲ್ಲೇ ಇದೆ. ಬಿಬಿಸಿಯ ನಾಟಕ ವಿಭಾಗದ ಮುಖ್ಯಸ್ಥರಾಗಿದ್ದ ಕೆನಡಾದ ಸಿಡ್ನಿ ನ್ಯೂಮನ್, ಶನಿವಾರ ಸಂಜೆ ಮನೆಮಂದಿಯೆಲ್ಲ ಕೂತು ನೋಡುವ ಕಾರ್ಯಕ್ರಮವೊಂದು ಬೇಕೆಂದು ಇದಕ್ಕೆ ಅಡಿಪಾಯ ಹಾಕಿದರು. ನಿರ್ಮಾಣದ ಹೊಣೆ ಬಿದ್ದದ್ದು ಇನ್ನೂ 30 ತುಂಬದ ವೆರಿಟಿ ಲ್ಯಾಂಬರ್ಟ್ ಎಂಬ ಮಹಿಳೆಯ ಮೇಲೆ. ಮೊದಲ ಕಥೆಯ ನಿರ್ದೇಶಕರು ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್. ದೊಡ್ಡ ಕಣ್ಣಿನ ರಾಕ್ಷಸರನ್ನು ತರುವ ಅಗ್ಗದ ಕಥೆ ಬೇಡವೆಂಬುದು ನ್ಯೂಮನ್ ಹಾಕಿದ ಕಟ್ಟಳೆ. ಆದರೆ ಎರಡನೆಯ ಕಥೆಯಲ್ಲೇ ಟೆರ್ರಿ ನೇಷನ್ ಬರೆದ, ರೇಮಂಡ್ ಕ್ಯೂಸಿಕ್ ರೂಪಿಸಿದ ಡಾಲೆಕ್‌ಗಳು ಬಂದವು, ಆ ಲೋಹದ ಖಳರಿಂದಲೇ ಧಾರಾವಾಹಿ ಮನೆಮಾತಾಯಿತು. 1966ರಲ್ಲಿ ನಾಯಕನಟ ವಿಲಿಯಂ ಹಾರ್ಟ್ನೆಲ್ ಅವರ ಆರೋಗ್ಯ ಕೈಕೊಟ್ಟಾಗ ಡಾಕ್ಟರ್ ತನ್ನ ಹಳೆಯ ದೇಹ ಕಳಚಿ ಹೊಸ ದೇಹ ತಾಳುತ್ತಾನೆಂಬ ಉಪಾಯ ಹೂಡಿ ಪ್ಯಾಟ್ರಿಕ್ ಟ್ರೌಟನ್ ಅವರನ್ನು ಆ ಜಾಗಕ್ಕೆ ತಂದರು. ಅಂದಿನಿಂದ ಪಾತ್ರ ಒಂದೇ, ಪಾತ್ರಧಾರಿಗಳು ಹಲವರು. ಒಂದೇ ಪ್ರಸಂಗದ ಕರ್ಣನನ್ನು ಬೇರೆ ಬೇರೆ ಕಲಾವಿದರು ಆಡಿದ್ದನ್ನು ಕಂಡ ಯಕ್ಷಗಾನದ ಪ್ರೇಕ್ಷಕರು ವರ್ಷಗಟ್ಟಲೆ ತೂಗಿ ನೋಡುವಂತೆ, ಇಲ್ಲಿಯೂ ಹೋಲಿಕೆ ಅನಿವಾರ್ಯವಾಯಿತು. ನಾಯಕ ಬದಲಾಗುತ್ತಾನೆ, ನಿರ್ಮಾಪಕ ಬದಲಾಗುತ್ತಾನೆ, ಪ್ರತಿ ಕಥೆಗೂ ಲೋಕ ಬದಲಾಗುತ್ತದೆ. ಈ ವಾರ ಫ್ರೆಂಚ್ ಕ್ರಾಂತಿ, ಮುಂದಿನ ವಾರ ಹಿಮಗ್ರಹ. ಪ್ರತಿಸಲವೂ ಹೊಸದಾಗಿ ಪ್ರಯೋಗಕ್ಕಿಳಿಯುವ ಸರಣಿ ಕೆಲವೊಮ್ಮೆ ಸೋಲಲೇಬೇಕು. ಸೋಲಬಾರದೆಂದು ಗೆದ್ದ ಸೂತ್ರವನ್ನೇ ಹಿಡಿದು ಕೂತಿದ್ದರೆ ಅದು ಹಾರ್ಟ್ನೆಲ್ ಅವರೊಂದಿಗೇ ಮುಗಿದುಹೋಗುತ್ತಿತ್ತು.

ಇಂಥ ಸರಣಿಗೆ ತಕ್ಷಣ ಬೆಲೆ ಕಟ್ಟುವುದು ಎಷ್ಟು ಕಷ್ಟವೆಂಬುದಕ್ಕೆ 1976ರ 'ದಿ ಡೆಡ್ಲಿ ಅಸ್ಯಾಸಿನ್' ಕಥೆಯೇ ಸಾಕ್ಷಿ. ಟಾಮ್ ಬೇಕರ್ ನಾಯಕರು, ಫಿಲಿಪ್ ಹಿಂಚ್‌ಕ್ಲಿಫ್ ನಿರ್ಮಾಪಕರು, ರಾಬರ್ಟ್ ಹೋಮ್ಸ್ ಬರಹಗಾರರು. ಅದುವರೆಗೆ ಟೈಮ್ ಲಾರ್ಡ್‌ಗಳೆಂದರೆ ದೇವತೆಗಳಂತೆ ದೂರ ನಿಂತ ಸರ್ವಶಕ್ತರು. ಹೋಮ್ಸ್ ಅವರನ್ನು ಕುರ್ಚಿಗಾಗಿ ಹೊಂಚುಹಾಕುವ, ಹಳೆಯ ವಿಧಿವಿಧಾನಗಳಿಗೆ ಅಂಟಿಕೊಂಡ, ತಮ್ಮದೇ ಇತಿಹಾಸ ಮರೆತ ಮುದುಕರನ್ನಾಗಿ ತೋರಿಸಿದರು. ಆಗಷ್ಟೇ ಹುಟ್ಟಿದ್ದ ಅಭಿಮಾನಿ ಸಂಘದ ಅಧ್ಯಕ್ಷರೇ, ಸರಣಿಯ ಮಾಂತ್ರಿಕತೆ ಸತ್ತುಹೋಯಿತೆಂಬ ಅರ್ಥದಲ್ಲಿ, ಸಂಘದ ಪತ್ರಿಕೆಯಲ್ಲಿ ಕಟುವಾಗಿ ಬರೆದರು. ಅತ್ತ ನೀತಿರಕ್ಷಣೆಯ ಹೋರಾಟಗಾರ್ತಿ ಮೇರಿ ವೈಟ್‌ಹೌಸ್, ಡಾಕ್ಟರನ ತಲೆಯನ್ನು ನೀರಿನಲ್ಲಿ ಮುಳುಗಿಸಿ ಹಿಡಿದ ದೃಶ್ಯದ ವಿರುದ್ಧ ದೂರಿದರು, ಬಿಬಿಸಿ ಕ್ಷಮೆ ಕೇಳಿತು, ಹಿಂಚ್‌ಕ್ಲಿಫ್ ಅವರನ್ನು ಬೇರೆ ಕಾರ್ಯಕ್ರಮಕ್ಕೆ ಕಳಿಸಲಾಯಿತು. ಇಂದು ಅದೇ ಕಥೆ ಅಭಿಮಾನಿಗಳ ಮೆಚ್ಚಿನ ಪಟ್ಟಿಗಳಲ್ಲಿ ಎತ್ತರದಲ್ಲಿದೆ. ಟೈಮ್ ಲಾರ್ಡ್ ಒಬ್ಬ 12 ಸಲ ಮಾತ್ರ ದೇಹ ಬದಲಿಸಬಲ್ಲ ಎಂಬ ನಿಯಮ, ಸತ್ತವರ ಜ್ಞಾನವನ್ನೆಲ್ಲ ಕೂಡಿಟ್ಟ ಯಂತ್ರಲೋಕದ ಕಲ್ಪನೆ, ಆ ಕುಲದ ವೇಷಭೂಷಣ ಎಲ್ಲಕ್ಕೂ ಮೂಲ ಅಲ್ಲಿದೆ. ಮುಂದಿನ ಬರಹಗಾರರು ಅದನ್ನೇ ನೆಲಗಟ್ಟು ಮಾಡಿಕೊಂಡರು. ಮೊದಲು ಅಪಚಾರವೆನಿಸಿದ್ದು ಆಮೇಲೆ ಪರಂಪರೆಯೇ ಆಯಿತು. ಅಂದು ಬೈದವರು ಮೂರ್ಖರಾಗಿರಲಿಲ್ಲ. ಅವರ ಕೈಯಲ್ಲಿದ್ದ ಅಳತೆಗೋಲು ನಿನ್ನೆಯ ಸರಣಿಯದು, ಮುಂದೆ ಅದರಿಂದ ಏನು ಬೆಳೆಯಬಹುದೆಂದು ತಿಳಿಯುವ ದಾರಿ ಯಾರಿಗೂ ಇರಲಿಲ್ಲ.

ತೀರ್ಪು ಬದಲಾಗಲು ಇನ್ನೂ ಮುಖ್ಯವಾದ ಕಾರಣ ಸಾಕ್ಷ್ಯ. 1960ರ ದಶಕದಲ್ಲಿ ಟೇಪುಗಳು ದುಬಾರಿ, ಮರುಪ್ರಸಾರದ ಹಕ್ಕುಗಳು ಸೀಮಿತ, ಹಳೆಯದನ್ನು ಕೂಡಿಡುವ ಯೋಚನೆ ಯಾರಿಗೂ ಇರಲಿಲ್ಲ. ಬಿಬಿಸಿ ಟೇಪುಗಳನ್ನು ಅಳಿಸಿ ಮತ್ತೆ ಬಳಸಿತು, ಚಿತ್ರಸುರುಳಿಗಳನ್ನು ನಾಶಮಾಡಿತು. ಮೊದಲ ಆರು ವರ್ಷಗಳ 253 ಕಂತುಗಳಲ್ಲಿ 90ಕ್ಕೂ ಹೆಚ್ಚು ಕಂತುಗಳು ಕಣ್ಮರೆಯಾದವು. ವಾರಿಸ್ ಹುಸೇನ್ ಬಹುಪಾಲು ನಿರ್ದೇಶಿಸಿದ 'ಮಾರ್ಕೊ ಪೋಲೊ' ಕಥೆಯ ಏಳು ಕಂತುಗಳೂ ಅವುಗಳಲ್ಲಿ ಸೇರಿವೆ. ಹೀಗೆ ಕಳೆದುಹೋದ ಕಂತುಗಳ ಧ್ವನಿಯಾದರೂ ಉಳಿದದ್ದು, ಟಿವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತ ಬೆರಳೆಣಿಕೆಯ ಅಭಿಮಾನಿಗಳಿಂದ. 1980ರ ದಶಕದಲ್ಲಿ ವಿಡಿಯೊ ಕ್ಯಾಸೆಟ್‌ಗಳು ಬರುವವರೆಗೆ ಹಳೆಯ ಕಥೆಗಳ ಚರ್ಚೆ ನಡೆಯುತ್ತಿದ್ದುದು ನೆನಪಿನ ಮೇಲೆ, ಟಾರ್ಗೆಟ್ ಪ್ರಕಾಶನದ ಕಾದಂಬರಿ ರೂಪಗಳ ಮೇಲೆ. 'ದಿ ಟೂಮ್ ಆಫ್ ದ ಸೈಬರ್‌ಮೆನ್' ಕಳೆದುಹೋಗಿದ್ದಾಗ ಅದಕ್ಕೆ ದಂತಕಥೆಯ ಪ್ರಭಾವಳಿ ಇತ್ತು. ಹಾಂಗ್‌ಕಾಂಗ್‌ನಲ್ಲಿ ಸಿಕ್ಕು 1992ರಲ್ಲಿ ಕ್ಯಾಸೆಟ್ ಆಗಿ ಬಂದಾಗ ಹಲವರು ಮೆಚ್ಚಿದರು. ಆದರೆ ಪಾತ್ರವನ್ನು ಎತ್ತಿದ ತಂತಿ ಕಾಣುವುದೂ, ಕಪ್ಪು ಜನಾಂಗದ ಪಾತ್ರವನ್ನು ಮಾತಿಲ್ಲದ ಬಲಶಾಲಿ ಸೇವಕನ ಅಚ್ಚಿಗೆ ಇಳಿಸಿದ್ದೂ ಆಗ ಎದ್ದು ಕಂಡವು. 'ದಿ ಎನಿಮಿ ಆಫ್ ದ ವರ್ಲ್ಡ್' ಕಥೆಯದು ಇದರ ತದ್ವಿರುದ್ಧ. ಆರು ಕಂತುಗಳಲ್ಲಿ ಮೂರನೆಯದೊಂದೇ ಉಳಿದಿದ್ದರಿಂದ ಅದನ್ನು ಸಪ್ಪೆ ಕಥೆಯೆಂದು ಮೂಲೆಗೆ ಸರಿಸಿದ್ದರು. ಉಳಿದ ಕಂತುಗಳು ನೈಜೀರಿಯಾದ ಜೋಸ್ ನಗರದಲ್ಲಿ ಸಿಕ್ಕು 2013ರಲ್ಲಿ ಬಿಡುಗಡೆಯಾದಾಗ, ಡಾಕ್ಟರ್ ಆಗಿಯೂ ಸರ್ವಾಧಿಕಾರಿ ಸಾಲಮಾಂಡರ್ ಆಗಿಯೂ ಟ್ರೌಟನ್ ಮಾಡಿದ ದ್ವಿಪಾತ್ರ ಎಲ್ಲರನ್ನೂ ಬೆರಗುಗೊಳಿಸಿತು. 'ಡಾಕ್ಟರ್ ಹೂ ಮ್ಯಾಗಜಿನ್' 2014ರಲ್ಲಿ ನಡೆಸಿದ ಮತದಾನದಲ್ಲಿ ಆ ಕಥೆ ಬಹಳ ಮೇಲೇರಿತು. ಹೊಸ ಸಾಕ್ಷ್ಯ ಬಂದಾಗ ಹಳೆಯ ತೀರ್ಮಾನ ಬಿಡುವುದು ವಿದ್ವತ್ತಿನ ಗುಣ. ಹಳೆಯ ಕಂತುಗಳ ವಿಷಯದಲ್ಲಿ ಅಭಿಮಾನಿಗಳು ಅದನ್ನೇ ಮಾಡಿದರು.

ಸಾಕ್ಷ್ಯ ಅದೇ ಇದ್ದು ನೋಡುವ ಕಣ್ಣು ಬದಲಾದ ಉದಾಹರಣೆಯೂ ಇದೆ. 1977ರ 'ದಿ ಟ್ಯಾಲನ್ಸ್ ಆಫ್ ವೆಂಗ್-ಚಿಯಾಂಗ್' ದಶಕಗಳ ಕಾಲ ಸರಣಿಯ ಅತ್ಯುತ್ತಮ ಕಥೆಗಳ ಮೊದಲ ಸಾಲಿನಲ್ಲಿತ್ತು. ವಿಕ್ಟೋರಿಯಾ ಕಾಲದ ಲಂಡನ್, ಮಂಜು ಮುಸುಕಿದ ಬೀದಿಗಳು, ರಾಬರ್ಟ್ ಹೋಮ್ಸ್ ಅವರ ಚುರುಕಾದ ಸಂಭಾಷಣೆ ಇವೆಲ್ಲ ಮೆಚ್ಚುಗೆಗೆ ಅರ್ಹವೇ. ಆದರೆ ಕಥೆಯ ಮುಖ್ಯ ಚೀನೀ ಪಾತ್ರವನ್ನು ಬಿಳಿಯ ನಟರೊಬ್ಬರು ಮುಖಕ್ಕೆ ಬಣ್ಣ ಹಚ್ಚಿ ಆಡಿದ್ದರು, ಚೀನೀಯರೆಂದರೆ ಗುಪ್ತಸಂಘದ ಕೊಲೆಗಡುಕರೆಂಬ ಹಳೆಯ ಪೂರ್ವಗ್ರಹವನ್ನೇ ಕಥೆ ಬಳಸಿಕೊಂಡಿತ್ತು. ಕೆಲವರು ಇದನ್ನು ಮುಂಚೆಯೇ ಹೇಳಿದ್ದರು. ಈಚಿನ ವರ್ಷಗಳಲ್ಲಿ ಆ ಮಾತಿಗೆ ಬೆಲೆ ಬಂತು. ಇಂದಿನ ಕಣ್ಣಿನಿಂದ ಅಂದಿನ ಕಾಲವನ್ನು ಅಳೆಯುವುದು ತಪ್ಪೆಂದು ವಾದಿಸುವವರಿದ್ದಾರೆ. ಇತಿಹಾಸ ಬರೆಯುವವರು ಆ ಎಚ್ಚರ ಇಟ್ಟುಕೊಳ್ಳಬೇಕು, ಒಪ್ಪುತ್ತೇನೆ. ಆದರೆ ಇದು ಇಂದೂ ಜನ ಕೂತು ನೋಡುವ, ಮಕ್ಕಳಿಗೆ ತೋರಿಸುವ ಕಥೆ. ನೋಡುವವರ ಗುಂಪಿನಲ್ಲಿ ಚೀನೀ ಮೂಲದ ಮಕ್ಕಳೂ ಇರುವಾಗ, ಅವರಿಗೆ ಅದು ಹೇಗೆ ಕಾಣುತ್ತದೆಂದು ಕೇಳುವುದು ವಿಮರ್ಶೆಯ ಒಳಗಿನ ಪ್ರಶ್ನೆಯೇ. ಕಥೆಯ ಕಸುಬುಗಾರಿಕೆಯನ್ನು ಮೆಚ್ಚುತ್ತಲೇ ಅದರ ಕಳಂಕವನ್ನು ಹೆಸರಿಟ್ಟು ಹೇಳಲು ಕಲಿತದ್ದು ಈ ಸಮುದಾಯ ಬೆಳೆದದ್ದರ ಗುರುತು.

ಇಷ್ಟೆಲ್ಲ ಏಕೆ, ಎಷ್ಟು ಜನ ನೋಡಿದರೆಂಬ ಲೆಕ್ಕ ತೆಗೆದರೆ ಏರಿಳಿತ ತಾನಾಗಿ ಗೊತ್ತಾಗುವುದಿಲ್ಲವೇ ಎಂದು ಕೇಳಬಹುದು. ಅಂಕಿಗಳಿಗೆ ತಮ್ಮದೇ ಬೆಲೆ ಇದೆ, ಧಾರಾವಾಹಿ ಉಳಿಯುವುದೋ ನಿಲ್ಲುವುದೋ ಎಂಬುದನ್ನು ಅವೇ ನಿರ್ಧರಿಸುತ್ತವೆ. ಆದರೆ ಅವು ಗುಣವನ್ನು ಅಳೆಯುತ್ತವೆಯೇ? ಈ ಸರಣಿಯನ್ನು ಅತಿ ಹೆಚ್ಚು ಜನ ನೋಡಿದ್ದು 1979ರಲ್ಲಿ, ಡಗ್ಲಸ್ ಆಡಮ್ಸ್ ಬರವಣಿಗೆಯಲ್ಲಿ ಕೈಯಾಡಿಸಿದ 'ಸಿಟಿ ಆಫ್ ಡೆತ್' ಕಥೆಯ ಕೊನೆಯ ಕಂತನ್ನು. ಆಗ ನೋಡಿದವರು ಸುಮಾರು 1.6 ಕೋಟಿ. ಅದು ಸೊಗಸಾದ ಕಥೆ, ಸಂಶಯವಿಲ್ಲ. ಆದರೆ ಆ ವಾರಗಳಲ್ಲಿ ಪ್ರತಿಸ್ಪರ್ಧಿ ಐಟಿವಿ ವಾಹಿನಿ ಮುಷ್ಕರದಿಂದ ಮುಚ್ಚಿತ್ತು, ಜನರಿಗೆ ನೋಡಲು ಬೇರೆ ಹೆಚ್ಚೇನೂ ಇರಲಿಲ್ಲ. ಹತ್ತು ವರ್ಷದ ಬಳಿಕ ಸಿಲ್ವೆಸ್ಟರ್ ಮೆಕಾಯ್ ನಾಯಕರಾಗಿದ್ದಾಗ ಬಿಬಿಸಿ ಈ ಧಾರಾವಾಹಿಯನ್ನು ಇಡೀ ದೇಶ ನೋಡುತ್ತಿದ್ದ 'ಕಾರೊನೇಷನ್ ಸ್ಟ್ರೀಟ್' ಪ್ರಸಾರವಾಗುವ ಹೊತ್ತಿಗೇ ಇಟ್ಟಿತು. 1989ರ ಋತುವಿನ ಮೊದಲ ಕಂತನ್ನು ನೋಡಿದವರು 31 ಲಕ್ಷ ಮಾತ್ರ. ವರ್ಷದ ಕೊನೆಗೆ ಸರಣಿಯೇ ನಿಂತಿತು. ಅಂಕಿಗಳ ಪ್ರಕಾರ ಅದು ಪಾತಾಳ. ಆದರೆ ಅದೇ ಋತುವಿನ 'ದಿ ಕರ್ಸ್ ಆಫ್ ಫೆನ್ರಿಕ್' ಮತ್ತು 'ಸರ್ವೈವಲ್' ಕಥೆಗಳನ್ನು, ಡಾಕ್ಟರನ ಜೊತೆಗಾತಿ ಏಸ್ ಎಂಬ ಹುಡುಗಿಯ ಭಯ, ಸಿಟ್ಟು, ತಾಯಿಯ ಮೇಲಿನ ಮುನಿಸನ್ನು ಕಥೆಯ ನಡುವಿಗೆ ತಂದದ್ದಕ್ಕಾಗಿ, ಇಂದು ಹಲವರು 2005ರ ಪುನರಾರಂಭದ ಮುನ್ನುಡಿಯೆಂದು ಓದುತ್ತಾರೆ. ಎಷ್ಟು ಟಿವಿಗಳು ಚಾಲೂ ಇದ್ದವೆಂಬುದನ್ನು ಅಂಕಿ ಹೇಳುತ್ತದೆ. ಆ ಕೋಣೆಗಳಲ್ಲಿದ್ದವರಿಗೆ ಏನಾಯಿತೆಂಬುದನ್ನು ಹೇಳಲು ನೋಡಿದವರ ಮಾತೇ ಬೇಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ತೀರ್ಪುಗಳು ಹೀಗೆ ಬದಲಾಗುತ್ತಲೇ ಇದ್ದರೆ ಒಳ್ಳೆಯದು ಕೆಟ್ಟದ್ದು ಎಂಬುದಕ್ಕೆ ಅರ್ಥವೇನು? ಎಲ್ಲವೂ ಅವರವರ ರುಚಿಯೆಂದು ಸುಮ್ಮನಾಗಬಾರದೇಕೆ? ಸುಮ್ಮನಾಗಬಾರದು, ಏಕೆಂದರೆ ಎಲ್ಲ ತೀರ್ಪುಗಳೂ ಬದಲಾಗುವುದಿಲ್ಲ. 'ಜೆನೆಸಿಸ್ ಆಫ್ ದ ಡಾಲೆಕ್ಸ್' 1998ರ ಮತದಾನದಲ್ಲಿ ಮೊದಲನೆಯದಾಗಿತ್ತು, ಮುಂದಿನ ಮತದಾನಗಳಲ್ಲೂ ತುದಿಯ ಬಳಿಯೇ ಉಳಿಯಿತು. 2009ರಲ್ಲಿ ಕೊನೆಯದಾಗಿದ್ದ 'ಟ್ವಿನ್ ಡಿಲೆಮ್ಮಾ' 2014ರಲ್ಲೂ ಕೊನೆಯದೇ. ಕಾರಣಗಳನ್ನು ಬಿಡಿಸಿ ಹೇಳಬಹುದು. ಅದು ಋತುವಿನ ಕೊನೆಯ ಕಥೆ, ಅಷ್ಟು ಹೊತ್ತಿಗೆ ಹಣ ಕರಗಿತ್ತು, ಸೆಟ್‌ಗಳೂ ಬಸವನಹುಳುವಿನಂಥ ಖಳನ ವೇಷವೂ ಅಗ್ಗವಾಗಿ ಕಂಡವು. ಅದಕ್ಕಿಂತ ದೊಡ್ಡ ತಪ್ಪು ಪಾತ್ರದ ನಿರ್ವಹಣೆಯಲ್ಲಿತ್ತು. ಹೊಸ ಡಾಕ್ಟರ್ ಆಗಿ ಬಂದ ಕಾಲಿನ್ ಬೇಕರ್, ಬುದ್ಧಿ ಕಲಕಿದ ಸ್ಥಿತಿಯಲ್ಲಿ, ಜೊತೆಗಾತಿ ಪೆರಿಯ ಕತ್ತು ಹಿಸುಕುತ್ತಾರೆ. ಅದರ ಹಿಂದಿನ ಕಥೆಯಲ್ಲಿ ಪೀಟರ್ ಡೇವಿಸನ್ ಅವರ ಡಾಕ್ಟರ್, ಪರಿಚಯವಾಗಿ ಹೆಚ್ಚು ಕಾಲವಾಗಿರದ ಅದೇ ಪೆರಿಯನ್ನು ಉಳಿಸಲು, ಇದ್ದ ಮದ್ದನ್ನೆಲ್ಲ ಅವಳಿಗೆ ಕುಡಿಸಿ ತಾನು ವಿಷವೇರಿ ಸತ್ತಿದ್ದ. ಆ ತ್ಯಾಗವನ್ನು ಕಂಡು ಇನ್ನೂ ಕಣ್ಣೊರೆಸಿಕೊಳ್ಳುತ್ತಿದ್ದ ಮಕ್ಕಳಿಗೆ ಈ ಹೊಸಬನನ್ನು ನಂಬುವುದು ಹೇಗೆ? ಮುಂದಿನ ಋತು ಬಂದದ್ದು 1985ರ ಜನವರಿಯಲ್ಲಿ. ಅಲ್ಲಿಯವರೆಗೆ ಒಂಬತ್ತು ತಿಂಗಳು ಅದೇ ಕಹಿ ಉಳಿಯಿತು. ಹೀಗೆ ಕಥೆಯ ಒಳಗಿಂದಲೇ ಕಾರಣ ಕೊಡಬಹುದಾದ ತೀರ್ಪು ಬರಿಯ ರುಚಿಯ ಮಾತಲ್ಲ. ಅಭಿರುಚಿಯ ಗಾಳಿಗೆ ಅಲ್ಲಾಡುವುದು ಯಾವುದು, ಅಲ್ಲಾಡದೆ ನಿಲ್ಲುವುದು ಯಾವುದು ಎಂದು ಗೊತ್ತಾಗಲು ದೀರ್ಘಕಾಲದ ಚರ್ಚೆಯೇ ಬೇಕು. ಕಾಲಿನ್ ಬೇಕರ್ ಅವರ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಬಿಗ್ ಫಿನಿಷ್ ಸಂಸ್ಥೆ 1999ರಿಂದ ತಂದ ಧ್ವನಿನಾಟಕಗಳಲ್ಲಿ ಅವರಿಗೆ ಒಳ್ಳೆಯ ಬರವಣಿಗೆ ಸಿಕ್ಕಿತು, ನಟನ ಹೆಸರು ಮೇಲೆದ್ದಿತು. ಕಥೆ ಮಾತ್ರ ತಳದಲ್ಲೇ ಉಳಿಯಿತು. ನಟನನ್ನೂ ಅವನಿಗೆ ಸಿಕ್ಕ ಕಥೆಯನ್ನೂ ಬೇರ್ಪಡಿಸಿ ನೋಡುವ ಈ ವಿವೇಕ 1984ರಲ್ಲಿ ಹೆಚ್ಚು ಜನರಿಗೆ ಇರಲಿಲ್ಲ.

ಈ ಚರ್ಚೆ ಬರಿಯ ಮಾತಾಗಿ ಉಳಿಯಲಿಲ್ಲ. 1989ರಿಂದ 2005ರವರೆಗೆ ಟಿವಿಯಲ್ಲಿ ಹೊಸ ಋತು ಇಲ್ಲದ ಕಾಲದಲ್ಲಿ ಸರಣಿಯನ್ನು ಉಸಿರಾಡಿಸಿದವರು ಅಭಿಮಾನಿಗಳೇ. 1991ರಿಂದ ವರ್ಜಿನ್ ಪ್ರಕಾಶನ ಹೊಸ ಕಾದಂಬರಿಗಳನ್ನು ತಂದಿತು. ಅವುಗಳನ್ನು ಬರೆದವರಲ್ಲಿ ಬಹುಮಂದಿ ಹಳೆಯ ಕಥೆಗಳ ಕುಂದುಕೊರತೆಗಳನ್ನು ವರ್ಷಗಟ್ಟಲೆ ತಿರುವಿಹಾಕಿದವರು. ಪಾಲ್ ಕಾರ್ನೆಲ್ ಅವರ 1995ರ ಕಾದಂಬರಿ 'ಹ್ಯೂಮನ್ ನೇಚರ್' 2007ರಲ್ಲಿ ಡೇವಿಡ್ ಟೆನೆಂಟ್ ಅಭಿನಯದ ಕಥೆಯಾಗಿ ತೆರೆಗೆ ಬಂತು. ರಾಬರ್ಟ್ ಶಿಯರ್‌ಮನ್ ಬಿಗ್ ಫಿನಿಷ್‌ಗೆ ಬರೆದ ಧ್ವನಿನಾಟಕದ ಕಲ್ಪನೆಯೇ 2005ರ 'ಡಾಲೆಕ್' ಕಂತಿಗೆ ಬೀಜವಾಯಿತು. 1996ರಲ್ಲಿ ವರ್ಜಿನ್ ಸಾಲಿಗೆ ಕಾದಂಬರಿ ಬರೆದ ರಸೆಲ್ ಟಿ. ಡೇವಿಸ್ ಸರಣಿಯನ್ನು ಮರಳಿ ತಂದರು. ಅವರ ನಂತರ ಹೊಣೆ ಹೊತ್ತ ಸ್ಟೀವನ್ ಮೊಫ್ಯಾಟ್ ಕೂಡ ಬಾಲ್ಯದಿಂದ ಅಭಿಮಾನಿ. ಮೂರನೆಯವರು ಕ್ರಿಸ್ ಚಿಬ್ನಾಲ್. 1986ರಲ್ಲಿ, ಇನ್ನೂ ಹದಿಹರೆಯದಲ್ಲಿದ್ದಾಗ, ಅವರು ಬಿಬಿಸಿಯ 'ಓಪನ್ ಏರ್' ಕಾರ್ಯಕ್ರಮದಲ್ಲಿ ಅಭಿಮಾನಿಗಳ ಪರವಾಗಿ ಕೂತು ಆ ವರ್ಷದ ಕಥೆಗಳನ್ನು ಅವುಗಳ ಬರಹಗಾರರ ಮುಂದೆಯೇ ಟೀಕಿಸಿದ್ದರು. 2018ರಿಂದ 2022ರವರೆಗೆ ಇಡೀ ಸರಣಿ ಅವರ ಕೈಯಲ್ಲಿತ್ತು, ಅಂಥದೇ ಟೀಕೆ ಅವರಿಗೂ ಬಂತು. ಇದನ್ನು ಕೆಲವರು ಚಿಬ್ನಾಲ್ ಅವರನ್ನು ಹಂಗಿಸಲು ಬಳಸುತ್ತಾರೆ. ನನಗೆ ಇದರಲ್ಲಿ ಕಾಣುವುದು ಬೇರೆ. ಚೆನ್ನಾಗಿಲ್ಲವೆಂದು ಹೇಳುವ ಧೈರ್ಯವೂ ಮಾಡಿ ತೋರಿಸುವ ಹೊಣೆಯೂ ಇಲ್ಲಿ ಒಂದೇ ಕಡೆಯಿಂದ ಬಂದಿವೆ. ಟೀಕಿಸುವುದು ಸುಲಭ, ಮಾಡುವುದು ಕಷ್ಟ ಎಂಬ ಗಾದೆಯ ಮಾತಿಗೆ ಈ ಸಮುದಾಯ ಎರಡನ್ನೂ ಮಾಡಿ ಉತ್ತರ ಕೊಟ್ಟಿದೆ.

ಅಭಿಮಾನಿಗಳ ಕೈಗೆ ಸಿಕ್ಕ ಸರಣಿ ಒಳಮುಖವಾಗಿ ಹೋಗುತ್ತದೆ, ಹೊಸಬರಿಗೆ ಬಾಗಿಲು ಮುಚ್ಚುತ್ತದೆ ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ, ಅದಕ್ಕೆ ಆಧಾರವಿದೆ. 1985ರ 'ಅಟ್ಯಾಕ್ ಆಫ್ ದ ಸೈಬರ್‌ಮೆನ್' ಅರ್ಥವಾಗಬೇಕಾದರೆ ಸುಮಾರು ಇಪ್ಪತ್ತು ವರ್ಷ ಹಿಂದಿನ ಕಥೆಗಳ ವಿವರ ತಲೆಯಲ್ಲಿರಬೇಕಿತ್ತು. ಅವುಗಳಲ್ಲೊಂದು ಆಗ ಬಿಬಿಸಿಯ ಸಂಗ್ರಹದಲ್ಲೂ ಇರಲಿಲ್ಲ. ಆ ವರ್ಷವೇ ಬಿಬಿಸಿ ಒನ್ ವಾಹಿನಿಯ ಮುಖ್ಯಸ್ಥ ಮೈಕಲ್ ಗ್ರೇಡ್ ಸರಣಿಯನ್ನು 18 ತಿಂಗಳು ತಡೆಹಿಡಿದರು. 2020ರಲ್ಲಿ 'ದಿ ಟೈಮ್‌ಲೆಸ್ ಚಿಲ್ಡ್ರನ್' ಕಂತು ಡಾಕ್ಟರನ ಹುಟ್ಟಿನ ಕಥೆಯನ್ನೇ ಬದಲಿಸಿ, ನಾವು ಕಂಡ ಮೊದಲ ಡಾಕ್ಟರನಿಗೂ ಹಿಂದೆ ಮರೆತುಹೋದ ಜನ್ಮಗಳಿದ್ದವೆಂದಿತು. ಅಭಿಮಾನಿಗಳಲ್ಲದವರಿಗೆ ಅದರಲ್ಲಿ ತಲೆಕೆಡಿಸಿಕೊಳ್ಳುವಂಥದ್ದೇನೂ ಕಾಣದಿರಬಹುದು. ಆದರೆ ಈ ರೋಗವನ್ನು ಗುರುತಿಸಿದವರಲ್ಲೂ, ಮದ್ದು ಕಂಡುಕೊಂಡವರಲ್ಲೂ ಅಭಿಮಾನಿಗಳೇ ಇದ್ದರು. 2005ರ ಮಾರ್ಚ್ 26ರಂದು ಡೇವಿಸ್ ತೆರೆಗೆ ತಂದ ಮೊದಲ ಕಂತು ಅಂಗಡಿಯಲ್ಲಿ ಕೆಲಸ ಮಾಡುವ ರೋಸ್ ಎಂಬ ಹುಡುಗಿಯ ಕಣ್ಣಿನಿಂದ ಕಥೆ ಹೇಳಿತು. ಹಳೆಯ 26 ಋತುಗಳ ಭಾರವನ್ನು ಅವರು ಪ್ರೇಕ್ಷಕರ ಮೇಲೆ ಹೇರಲಿಲ್ಲ. ಒಂದು ಕೋಟಿಗೂ ಹೆಚ್ಚು ಜನ ನೋಡಿದರು. ಯಾವ ಭಾರ ಇಳಿಸಬೇಕೆಂದು ಅವರಿಗೆ ಗೊತ್ತಿದ್ದದ್ದು, ಆ ಭಾರದಿಂದ ಸರಣಿ ಹೇಗೆ ಕುಸಿದಿತ್ತೆಂದು ಒಳಗಿನಿಂದ ಕಂಡದ್ದರಿಂದ.

ಇನ್ನೊಂದು ಕಡೆ ಮಾತ್ರ ನಾವು ಗೆರೆ ಎಳೆಯಲೇಬೇಕು. 2017ರಲ್ಲಿ ಜೋಡಿ ವಿಟೇಕರ್ ಮುಂದಿನ ಡಾಕ್ಟರ್ ಎಂದು ಪ್ರಕಟವಾದಾಗ ಒಂದೂ ಕಂತು ಬರುವ ಮೊದಲೇ, ಹೆಣ್ಣು ಡಾಕ್ಟರ್ ಆಗಕೂಡದೆಂಬ ಕೂಗೆದ್ದಿತು. ಅದು ವಿಮರ್ಶೆಯಲ್ಲ, ಅದರ ಬಳಿ ಸಾಕ್ಷ್ಯವೂ ಇರಲಿಲ್ಲ, ತಿದ್ದಿಕೊಳ್ಳುವ ಮನಸ್ಸೂ ಇರಲಿಲ್ಲ. ದೇಹ ಬದಲಿಸುವ ಬೇರೆ ಗ್ರಹದ ಜೀವಿ ಸದಾ ಗಂಡಾಗಿಯೇ ಇರಬೇಕೆಂಬುದಕ್ಕೆ ಕಥೆಯೊಳಗೆ ಯಾವ ಆಧಾರವೂ ಇಲ್ಲ. ಅದೇ ಕಾಲದ ಕಥೆಗಳಲ್ಲಿ ವಿವರಣೆ ಹೆಚ್ಚಾಯಿತು, ಮೂವರು ಜೊತೆಗಾರರಿಗೆ ಕೆಲಸ ಕಡಿಮೆಯಾಯಿತು ಎಂದವರ ಮಾತು ಬೇರೆ. ಅದನ್ನು ಕಂತುಗಳನ್ನು ಎದುರಿಗಿಟ್ಟು ವಾದಿಸಬಹುದು, ಒಪ್ಪಬಹುದು, ಅಲ್ಲಗಳೆಯಬಹುದು. ಹೀಗೆ ವಾದಿಸಿದವರೇ ಆ ಕಾಲದ ಒಳ್ಳೆಯ ಕಂತುಗಳನ್ನು ಗುರುತಿಸಿ ಮೆಚ್ಚಿದರು ಕೂಡ. ವಿನಯ್ ಪಟೇಲ್ ಬರೆದ, 2018ರ ನವೆಂಬರಿನಲ್ಲಿ ಬಂದ 'ಡೀಮನ್ಸ್ ಆಫ್ ದ ಪಂಜಾಬ್' ಅಂಥ ಕಂತು. ಕಥೆ ನಡೆಯುವುದು 1947ರ ದೇಶವಿಭಜನೆಯ ಹೊತ್ತಿನಲ್ಲಿ. ಡಾಕ್ಟರಳ ಜೊತೆಗಾತಿ ಯಾಸ್ಮಿನ್ ತನ್ನ ಅಜ್ಜಿಯ ಯೌವನವನ್ನು ನೋಡಲು ಹೋಗುತ್ತಾಳೆ. ಮುಸ್ಲಿಂ ಹುಡುಗಿ ಉಂಬ್ರೀನ್, ಹಿಂದೂ ಹುಡುಗ ಪ್ರೇಮ್ ಮದುವೆಯಾಗಲು ನಿಂತಿದ್ದಾರೆ, ನಡುವೆ ಗಡಿ ಗೆರೆ ಬೀಳುತ್ತದೆ. ಕೊಲೆಗಡುಕರೆಂದು ನಾವು ಶಂಕಿಸುವ ಅನ್ಯಗ್ರಹದವರು, ಯಾರೂ ಅಳದೆ ಸತ್ತವರಿಗೆ ಸಾಕ್ಷಿಯಾಗಿ ನಿಲ್ಲಲು ಬಂದವರು. ಕೊಲ್ಲುವವರು ಪಕ್ಕದ ಮನೆಯವರು, ಒಡಹುಟ್ಟಿದವನು. ರಾಕ್ಷಸ ಯಾರೆಂಬ ಪ್ರಶ್ನೆಯನ್ನು ಈ ಸರಣಿ ಇಷ್ಟು ಚುರುಕಾಗಿ ಕೇಳಿದ್ದು ಅಪರೂಪ. ಇಳಿಗಾಲವೆಂದು ಹಣೆಪಟ್ಟಿ ಹಚ್ಚಿದ ವರ್ಷಗಳಲ್ಲೇ ಇದು ಬಂದದ್ದನ್ನು ನೆನೆದರೆ, ಕಾಲವನ್ನು ಒಟ್ಟಾರೆ ತೂಗುವ ಬದಲು ಕಥೆಗಳನ್ನು ಒಂದೊಂದಾಗಿ ತೂಗಬೇಕೆಂಬುದು ಮನದಟ್ಟಾಗುತ್ತದೆ.

ಸದ್ಯ ಸರಣಿ ಮತ್ತೊಂದು ತಿರುವಿನಲ್ಲಿದೆ. 2023ರಲ್ಲಿ ಡಿಸ್ನಿ ಪ್ಲಸ್ ಜೊತೆಗಿನ ಒಪ್ಪಂದದಿಂದ ದೊಡ್ಡ ಹಣದೊಂದಿಗೆ ಹೊಸ ಘಟ್ಟ ಶುರುವಾಯಿತು. ಶೂಟಿ ಗಾಟ್ವಾ ನಾಯಕರಾದರು. 2025ರ ಮೇ 31ರ ಕಂತಿನೊಂದಿಗೆ ಅವರ ಸರದಿ ಮುಗಿಯಿತು. ಅಕ್ಟೋಬರಿನಲ್ಲಿ ಡಿಸ್ನಿ ಹಿಂದೆ ಸರಿದದ್ದನ್ನೂ, 2026ರ ಕ್ರಿಸ್‌ಮಸ್‌ಗೆ ಡೇವಿಸ್ ವಿಶೇಷ ಕಂತು ಬರೆಯುವುದನ್ನೂ ಬಿಬಿಸಿ ಪ್ರಕಟಿಸಿತು. ಇದೇ ಕೊನೆಯೆಂದು ಕೆಲವರು ಸಾರಿದ್ದಾರೆ. ಇದೇ ಮಾತು 1985ರಲ್ಲೂ 1989ರಲ್ಲೂ ಕೇಳಿಬಂದಿತ್ತು. ಹಾಗೆಂದು ಈ ಸಲವೂ ಸರಣಿ ಎದ್ದುಬರುತ್ತದೆಂದು ಭರವಸೆ ಕೊಡಲು ನಾನು ಹೊರಟಿಲ್ಲ. ಇತಿಹಾಸ ಹಾಗೆ ಮಾತು ಕೊಡುವುದಿಲ್ಲ. ಅದು ಕಲಿಸುವುದು ಇಷ್ಟು: ಗಾಟ್ವಾ ಕಾಲದ ಬಗ್ಗೆ ಇಂದು ನಾವು ಹೇಳುವುದು ಮೊದಲ ಮಾತು, ಕೊನೆಯ ಮಾತಲ್ಲ. ಹಾಗಿದ್ದರೆ ಸುಮ್ಮನಿದ್ದು ಕಾಯೋಣವೇ? ಬೇಡ. 'ಡೆಡ್ಲಿ ಅಸ್ಯಾಸಿನ್' ಕಥೆಯನ್ನು ಬೈದವರು ತಮ್ಮ ಕಾರಣಗಳನ್ನು ಬರೆದಿಟ್ಟದ್ದರಿಂದಲೇ ಮುಂದಿನವರಿಗೆ ಅವುಗಳನ್ನು ಪರೀಕ್ಷಿಸಿ ತಿದ್ದಲು ಸಾಧ್ಯವಾಯಿತು. ಹೇಳದೆ ಉಳಿದ ಅಭಿಪ್ರಾಯವನ್ನು ಯಾರೂ ತಿದ್ದಲಾರರು. ಒಂದು ಕಥೆಯನ್ನು ಪ್ರೀತಿಸುವವರು ಅದರ ಬಗ್ಗೆ ಕಾರಣ ಕೊಟ್ಟು ಮಾತಾಡಬೇಕು, ತಮ್ಮ ಕಾರಣ ಸೋತಾಗ ಒಪ್ಪಿಕೊಳ್ಳಬೇಕು, ಸೋಲದಿದ್ದಾಗ ಬಿಟ್ಟುಕೊಡಬಾರದು. ಆರು ದಶಕಗಳಿಂದ ಒಂದು ಟಿವಿ ಧಾರಾವಾಹಿಯ ಸುತ್ತ ಜನಸಾಮಾನ್ಯರು ಈ ಶಿಸ್ತನ್ನು, ತಪ್ಪುತ್ತ ತಿದ್ದಿಕೊಳ್ಳುತ್ತ, ರೂಢಿಸಿಕೊಂಡು ಬಂದಿದ್ದಾರೆ. ನಾವು ಮೆಚ್ಚುವ ಯಾವ ಕಲೆಯ ಬಗ್ಗೆ ಮಾತಾಡುವಾಗಲೂ ಈ ಶಿಸ್ತು ನಮಗೂ ಬೇಕು.